ಹೊಲ ಮಗನಿಗೆ, ಬಂದೂಕು ಯಾರಿಗೆ?

ಅಪ್ಪ ತೀರಿಕೊಂಡರೆ ಹೊಲಕ್ಕೆ ವಾರಸಾ ಮಾಡಿಸಬೇಕು ಎಂಬುದು ಬೈಲಹೊಂಗಲದ ಸಣ್ಣ ಹುಡುಗನಿಗೂ ಗೊತ್ತು. ತಲಾಟಿಗೆ ಅರ್ಜಿ, ಉತಾರದಲ್ಲಿ ಹೆಸರು, ಅಣ್ಣತಮ್ಮಂದಿರಿಗೆ ಪಾಲು. ಆದರೆ ಅದೇ ಅಪ್ಪನ ಬಂದೂಕು ಗೋಡೆಯ ಗೂಟಕ್ಕೆ ತೂಗುತ್ತಿದ್ದರೆ? ‘ಮನೀದ ಐತಿ, ಇರಲಿ ಬಿಡು’ ಎನ್ನುವ ಮಂದಿ ಇದ್ದಾರೆ. ಈ ‘ಇರಲಿ ಬಿಡು’ ಎಂಬ ಮಾತಿಗೆ ಕಾಯ್ದೆ ಕಟ್ಟಿರುವ ಬೆಲೆ ಎರಡರಿಂದ ಐದು ವರ್ಷ ಜೈಲು, ಮೇಲೆ ದಂಡ.

ಕಾರಣ ಸರಳ. 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಲೈಸೆನ್ಸು ಮನೆಗೆ ಕೊಟ್ಟದ್ದಲ್ಲ, ಮನುಷ್ಯನಿಗೆ ಕೊಟ್ಟದ್ದು. ಆತ ಹೋದ ದಿನವೇ ಆ ಕಾಗದದ ಬಲವೂ ಹೋಯಿತು. ಹೊಲದಂತೆ ಬಂದೂಕನ್ನು ಪಾಲುಪತ್ರದಲ್ಲಿ ಬರೆದುಕೊಂಡರೆ ನಡೆಯುವುದಿಲ್ಲ.

ಆಯುಧದ ಕಾಗದಕ್ಕೂ ಈ ಸೀಮೆಗೂ ಹಳೇ ಜಗಳ. 1857ರಲ್ಲಿ ಬ್ರಿಟಿಷರು ಆಯುಧ ಒಪ್ಪಿಸಿರಿ ಎಂದು ಕಾಯ್ದೆ ತಂದಾಗ, ಮುಧೋಳ ಸೀಮೆಯ ಹಲಗಲಿ ಬೇಡರು ಒಲ್ಲೆವೆಂದು ನಿಂತು ಪ್ರಾಣ ಕೊಟ್ಟರು. ಮರುವರ್ಷ ರಾಮದುರ್ಗದ ಪಕ್ಕದ ಸುರೇಬಾನದಲ್ಲಿ ಬ್ರಿಟಿಷ್ ಅಧಿಕಾರಿ ಮ್ಯಾನ್ಸನ್ ನರಗುಂದದ ಬಾಬಾಸಾಹೇಬನ ಕಡೆಯವರ ಕೈಯಲ್ಲಿ ಸತ್ತ. ಇಂಥ ನೆಲದಲ್ಲಿ ಹಿರಿಯರ ಬಂದೂಕೆಂದರೆ ಬರೀ ಕಬ್ಬಿಣವಲ್ಲ, ಮನೆತನದ ಮರ್ಯಾದೆ. ಮರ್ಯಾದೆ ಸರಿ, ಕೇಸು ಬಿದ್ದರೆ ಅದೇ ಮರ್ಯಾದೆ ಕೋರ್ಟಿನ ಕಟ್ಟೆ ಹತ್ತುತ್ತದೆ.

ಹಾಗಾದರೆ ದಾರಿ? ಕಾಯ್ದೆಯಲ್ಲೇ ಇದೆ. ಲೈಸೆನ್ಸ್‌ದಾರ ತೀರಿದ ಕೂಡಲೇ, ತಡಮಾಡದೆ, ಬಂದೂಕನ್ನು ಹತ್ತಿರದ ಠಾಣೆಯಲ್ಲಿ ಅಥವಾ ಲೈಸೆನ್ಸುಳ್ಳ ಬಂದೂಕು ವ್ಯಾಪಾರಿಯಲ್ಲಿ ಠೇವಣಿ ಇಡಬೇಕು, ರಸೀದಿ ಪಡೆಯಬೇಕು. ‘ಒಮ್ಮೆ ಫೌಜದಾರನ ಕೈಗೆ ಕೊಟ್ಟರೆ ಮುಗೀತು’ ಎಂಬ ಅಂಜಿಕೆ ಬೇಡ. ವಾರಸುದಾರ ತನ್ನ ಹೆಸರಿಗೆ ಲೈಸೆನ್ಸು ಮಾಡಿಸಿಕೊಂಡು ತಿರುಗಿ ಪಡೆಯಬಹುದು. ಬೇಡವಾದರೆ ಲೈಸೆನ್ಸುಳ್ಳ ಬೇರೊಬ್ಬನಿಗೆ ಮಾರಿ ಹಣ ತೆಗೆದುಕೊಳ್ಳಬಹುದು. ಆದರೆ ಗಡುವು ಮೀರಿ ಮಲಗಿದರೆ ಮಾತ್ರ ಬಂದೂಕು ಸರಕಾರಕ್ಕೆ.

ಸಾಯುವವರೆಗೆ ಕಾಯಬೇಕೆಂದೂ ಇಲ್ಲ. 2016ರ ನಿಯಮಗಳ ಪ್ರಕಾರ ಲೈಸೆನ್ಸ್‌ದಾರನಿಗೆ 70 ವರ್ಷ ತುಂಬಿದರೆ, ಇಲ್ಲವೇ ಬಂದೂಕು ಅವನಲ್ಲಿ 25 ವರ್ಷ ಇದ್ದರೆ, ತಾನು ಹೇಳಿದ ವಾರಸುದಾರನ ಹೆಸರಿಗೆ ಲೈಸೆನ್ಸು ಕೇಳಬಹುದು. ವಾರಸುದಾರನಿಗೆ 21 ವರ್ಷ ತುಂಬಿರಬೇಕು. ಮುದುಕರು ಗಟ್ಟಿಯಿರುವಾಗಲೇ ಈ ಕೆಲಸ ಮುಗಿಸುವುದು ಜಾಣತನ.

ಮಾರುವವರಿಗೆ ಇನ್ನೊಂದು ಮಾತು. ಸ್ವಂತಕ್ಕೆ ಇಟ್ಟುಕೊಂಡ ಬಂದೂಕನ್ನು ಲೈಸೆನ್ಸುಳ್ಳವನಿಗೆ ಮಾರಲು ಅಂಗಡಿ ಪರವಾನಗಿ ಬೇಕಿಲ್ಲ. ಆದರೆ ಕೊಳ್ಳುವವನ ಹೆಸರು, ವಿಳಾಸ ಬರೆದು ಜಿಲ್ಲಾ ಮ್ಯಾಜಿಸ್ಟ್ರೇಟರಿಗೋ ಹತ್ತಿರದ ಠಾಣೆಗೋ ಮೊದಲೇ ತಿಳಿಸಬೇಕು. ತಿಳಿಸಿ 45 ದಿನ ಕಳೆಯಬೇಕು. ಸಂತೆಯಲ್ಲಿ ಎತ್ತು ಕೊಟ್ಟಂತೆ ಹಗ್ಗ ಬದಲಿಸಿ ಕೊಡುವ ವ್ಯಾಪಾರವಲ್ಲ ಇದು. ‘ಗೋವಿನಜೋಳಕ್ಕ ಹಂದಿ ಬಿದ್ದಾವ, ಎರಡು ದಿನ ಕೊಡಪಾ’ ಎಂದು ಬಂದ ಬೀಗನಿಗೆ ಕೊಟ್ಟರೂ ಅಷ್ಟೇ. ಪಡೆಯುವವನಿಗೆ ಹಕ್ಕಿದೆಯೇ ಎಂದು ನೋಡದೆ ಕೊಡುವುದೇ ಒಂದು ಗುನ್ನೆ.

2019ರ ತಿದ್ದುಪಡಿ ಲೆಕ್ಕವನ್ನು ಇನ್ನೂ ಬಿಗಿಮಾಡಿತು. ಮೊದಲು ಒಬ್ಬನಿಗೆ ಮೂರು ಬಂದೂಕು ಇರಬಹುದಿತ್ತು, ಈಗ ಎರಡೇ. ವಾರಸಾದಲ್ಲಿ ಬಂದರೂ ಎರಡು ಮೀರುವಂತಿಲ್ಲ. ಅಂದರೆ ತನ್ನದೇ ಎರಡು ಇಟ್ಟುಕೊಂಡವನಿಗೆ ಅಪ್ಪನ ಬಂದೂಕು ಬರುವ ದಾರಿ ಮುಚ್ಚಿತು. ಇನ್ನು ನಿಷೇಧಿತ ವರ್ಗದ ಆಯುಧಗಳ ಮಾತೇ ಬೇರೆ. ಅದು ಡಿ.ಸಿ. ಕಚೇರಿಯಲ್ಲಿ ಮುಗಿಯುವ ಕೆಲಸವಲ್ಲ, ದಿಲ್ಲಿಯ ಗೃಹ ಇಲಾಖೆಯವರೆಗೆ ಹೋಗಬೇಕು.

‘ಕೊಡಗಿನವರಿಗೆ ಲೈಸೆನ್ಸೇ ಬೇಡವಂತಲ್ಲ?’ ಎಂದು ಬಸ್ಸಿನಲ್ಲಿ ವಾದಿಸುವವರಿದ್ದಾರೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ವಿನಾಯಿತಿ ಇರುವುದು ನಿಜ. ಕೇಂದ್ರ 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿತು. ಕಿತ್ತೂರಿಗೆ ಚೆನ್ನಮ್ಮನ ಹೆಸರಿದೆ, ಆ ವಿನಾಯಿತಿ ಇಲ್ಲ.

ತಪ್ಪು ಮಂದಿಯದೇ ಅಲ್ಲ. ಸವದತ್ತಿ, ರಾಮದುರ್ಗದ ರೈತ ಲೈಸೆನ್ಸಿಗೆ ಬೆಳಗಾವಿಗೇ ಬಸ್ಸು ಹತ್ತಬೇಕು. ಹೋಗಿ ಬರುವುದರಲ್ಲಿ ದಿನ ಮುಗಿಯುತ್ತದೆ, ಕೂಲಿಯೂ ಮುಗಿಯುತ್ತದೆ. ಠೇವಣಿ, 45 ದಿನದ ಚೀಟಿ ಎರಡೂ ಊರ ಠಾಣೆಯಲ್ಲೇ ಆಗುತ್ತವೆಂದು ಹೇಳುವವರೇ ಇಲ್ಲದಿದ್ದರೆ ಆತ ಏನು ಮಾಡಿಯಾನು? ನಾಲ್ಕು ಸಾಲು ಬರೆದು ಠಾಣೆಯ ಬಾಗಿಲಿಗೆ ಹಚ್ಚುವುದಕ್ಕೆ ಅನುದಾನ ಬೇಕಿಲ್ಲ. ಹೊಲದ ವಾರಸಾ ಬರೆಯುವಾಗ ‘ಮನ್ಯಾಗ ಬಂದೂಕ ಐತೇನ್ರಿ?’ ಎಂದು ತಲಾಟಿ ಒಂದು ಮಾತು ಕೇಳಿದರೆ ಎಷ್ಟೋ ಮನೆ ಉಳಿದಾವು.

ಅಲ್ಲಿಯತನಕ, ಗೂಟದ ಮೇಲೆ ಬಂದೂಕು ಇದ್ದವರು ಇವತ್ತೇ ಲೈಸೆನ್ಸ್ ಪುಸ್ತಕ ತೆಗೆದು ಅದರಲ್ಲಿ ಯಾರ ಹೆಸರಿದೆ ನೋಡುವುದು ಒಳ್ಳೆಯದು.