ಸ್ಪೋರ್ಟ್ ಗುಂಡಿಯೂ ಮೂರನೇ ಗೇರೂ

ಶಹಾಪುರದಿಂದ ಸುರಪುರಕ್ಕೆ ಹೋಗುವ ದಾರಿ. ಮುಂದೊಂದು ಹತ್ತಿ ಹೇರಿದ ಲಾರಿ ಎನ್ನಿ. ನಿಮ್ಮ ಕಾರು ಐದನೇ ಗೇರಿನಲ್ಲಿ, ಗಂಟೆಗೆ 45 ಕಿ.ಮೀ. ವೇಗದಲ್ಲಿದೆ. ಹೊಸದಾಗಿ ಲೈಸೆನ್ಸ್ ಪಡೆದ ಮಗ ‘ಸ್ಪೋರ್ಟ್’ ಗುಂಡಿ ಒತ್ತಿ (ರಸ್ತೆಯ ಗುಂಡಿಯಲ್ಲ, ಕಾರಿನದು!) ಲಾರಿಯನ್ನು ಹಿಂದೆ ಹಾಕಲು ಹೊರಡುತ್ತಾನೆ. ಕಾರು ಬೇಗ ಏಳುವುದಿಲ್ಲ. ಎದುರಿಗೆ ಬಸ್ಸು.

ಈಗಿನ ಕಾರುಗಳಲ್ಲಿ ಆಕ್ಸಿಲರೇಟರಿಗೂ ಎಂಜಿನ್ನಿಗೂ ನಡುವೆ ಕಂಪ್ಯೂಟರ್ ಕುಳಿತಿದೆ. ಸ್ಪೋರ್ಟ್‌ನಲ್ಲಿ ಅದು ಕಾಲಿನ ಸಣ್ಣ ಒತ್ತಡವನ್ನೂ ದೊಡ್ಡದೆಂದು ಓದುತ್ತದೆ, ಅಷ್ಟೆ. ಪೆಡಲನ್ನು ಪೂರ್ತಿ ಒತ್ತಿದಾಗ ಸಿಗುವ ಶಕ್ತಿ ಸಾಮಾನ್ಯವಾಗಿ ಮೊದಲಿನಷ್ಟೇ. ಕೆಲವು ಟರ್ಬೊ ಕಾರುಗಳಲ್ಲಿ ‘ಇಕೊ’ ತಡೆದಿಟ್ಟಿದ್ದ ಶಕ್ತಿಯನ್ನು ಸ್ಪೋರ್ಟ್ ಬಿಟ್ಟುಕೊಡುತ್ತದೆ. ಆಟೊಮ್ಯಾಟಿಕ್ ಕಾರಾದರೆ ತಾನೇ ಕೆಳಗಿನ ಗೇರಿಗೆ ಇಳಿದೀತು. 2014ರಲ್ಲಿ ಬಂದ ಟಾಟಾ ಜೆಸ್ಟ್ ಪೆಟ್ರೋಲ್, 2017ರ ನೆಕ್ಸಾನ್ ಇವುಗಳ ಮ್ಯಾನುಯಲ್ ಮಾದರಿಗಳಲ್ಲೂ ಸ್ಪೋರ್ಟ್ ಆಯ್ಕೆ ಇತ್ತು. ಗೇರು ಇಳಿಸುವ ಕೆಲಸ ಮಾತ್ರ ಚಾಲಕನ ಎಡಗೈಯದೇ.

ಮೂರಕ್ಕೆ ಇಳಿಸಿದರೆ ಎಂಜಿನ್ ಸುತ್ತು ಏರಿ, ಚಕ್ರಕ್ಕೆ ಸೆಳೆತ ಹೆಚ್ಚುತ್ತದೆ. ಗುಂಡಿ ಮುಟ್ಟದಿದ್ದರೂ ಸರಿಯೇ.

ಊರೊಳಗೆ, ಅದರಲ್ಲೂ ಶಾಲೆ ಬಿಡುವ ಹೊತ್ತಿನಲ್ಲಿ, ಸ್ಪೋರ್ಟ್ ಬೇಡವೇ ಬೇಡ. ಕಾಲು ಪಳಗದವರು ಕ್ಲಚ್ ಬಿಡುತ್ತಲೇ ಕಾರು ಮುನ್ನುಗ್ಗೀತು. ಯಾದಗಿರಿಯ ಹೊರಗೆ ಖಾಲಿ ರಸ್ತೆ ನೋಡಿ, ಐದರಿಂದ ಮೂರಕ್ಕೆ ಇಳಿಸುವುದನ್ನು ರೂಢಿಸಿಕೊಳ್ಳಲಿ. ಪಕ್ಕದಲ್ಲಿ ಅಪ್ಪನೋ ಅಮ್ಮನೋ ಕುಳಿತಿರಲಿ.