ಶಿಕ್ಷೆಯ ಲೆಕ್ಕ ತಪ್ಪಿದ್ದರೆ ಅಪೀಲು ಹಾಕಿಸಿ!

ಮುಲಾಕತ್ತಿಗೆ ಸಾಲು ನಿಂತಿರುವ ಅಕ್ಕ-ತಂಗಿಯರೇ, ಅಣ್ಣ-ತಮ್ಮಂದಿರೇ,

ಉತ್ತರ ಪ್ರದೇಶದ ಹಾಪುರದಲ್ಲಿ ಒಬ್ಬ ಮನುಷ್ಯನ ಮೇಲೆ ಕರೆಂಟು ಕಳವಿನ ಒಂಬತ್ತು ಕೇಸು. ಒಂದೊಂದಕ್ಕೂ ಎರಡೆರಡು ವರ್ಷ ಜೈಲು. ಎಲ್ಲ ಶಿಕ್ಷೆಯೂ ಒಟ್ಟಿಗೆ ನಡೆಯಲಿ ಎಂದು ಕೋರ್ಟು ಬರೆಯಲಿಲ್ಲ. ಒಂದು ಮುಗಿದ ಮೇಲೆ ಇನ್ನೊಂದು ಎಂದು ಜೈಲಿನವರು ಕೂಡಿಸಿದರು: 18 ವರ್ಷ! ಕರೆಂಟು ಕದ್ದದ್ದಕ್ಕೆ! ಅಲಹಾಬಾದ್ ಹೈಕೋರ್ಟು ಅರ್ಜಿಯನ್ನು ವಜಾ ಮಾಡಿತು. ಆತ ಅಲ್ಲಿಗೇ ಕೈಚೆಲ್ಲಲಿಲ್ಲ. 2022ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟು ಒಂಬತ್ತೂ ಶಿಕ್ಷೆ ಏಕಕಾಲಕ್ಕೇ ನಡೆಯಬೇಕೆಂದು ಆದೇಶಿಸಿತು. ಅಷ್ಟರಲ್ಲಿ ಮೂರು ವರ್ಷ ಒಳಗೇ ಕಳೆದಿತ್ತು.

ನಿಮ್ಮವರ ತೀರ್ಪನ್ನೂ ಬಿಚ್ಚಿ ಓದಿಸಿ. ಜೆಎಂಎಫ್‌ಸಿ ಮ್ಯಾಜಿಸ್ಟ್ರೇಟರು ಒಂದು ಅಪರಾಧಕ್ಕೆ ಮೂರು ವರ್ಷ ಮೀರಿ ಜೈಲು ವಿಧಿಸುವಂತಿಲ್ಲ. ವಿಚಾರಣೆ ಕಾಲದಲ್ಲಿ ಒಳಗಿದ್ದ ದಿನಗಳನ್ನು ಶಿಕ್ಷೆಯಲ್ಲಿ ಕಳೆಯಲೇಬೇಕು. ಕಳೆದಿದ್ದಾರೆಯೇ? ಕೇಳಿ.

“ತಪ್ಪು ಒಪ್ಪಿಕೊಂಡಾಯ್ತಲ್ಲ, ಇನ್ನೇನು ಮಾಡೋದು” ಎನ್ನಬೇಡಿ. ಕೆಳಗಿನ ಕೋರ್ಟಿನಲ್ಲಿ ತಪ್ಪೊಪ್ಪಿಕೊಂಡವರೂ ಶಿಕ್ಷೆ ಅತಿಯಾಯಿತು, ಕಾನೂನು ಮೀರಿತು ಎಂದು ಅಪೀಲು ಹೋಗಬಹುದು. ಇನ್ನು, ಅಪೀಲು ಹಾಕಿದರೆ ಇರುವ ಶಿಕ್ಷೆ ಇನ್ನೂ ಏರುತ್ತದೆ ಎಂಬುದು ಬ್ಯಾರಕ್ಕಿನ ಮಾತು. ಕೈದಿಯೇ ಹಾಕಿದ ಅಪೀಲಿನಲ್ಲಿ ಶಿಕ್ಷೆ ಏರಿಸಕೂಡದು ಎನ್ನುತ್ತದೆ ಕಾನೂನು.

ಅವಧಿ ನೆನಪಿಡಿ: ಸೆಷನ್ಸ್ ಕೋರ್ಟಿಗೆ 30 ದಿನ, ಹೈಕೋರ್ಟಿಗೆ 60 ದಿನ, ಗಲ್ಲುಶಿಕ್ಷೆಯಾದರೆ 30 ದಿನ. ಅವಧಿ ಮೀರಿದ್ದರೆ ಕಾರಣ ಬರೆದು ವಿಳಂಬ ಮನ್ನಿಸಲು ಕೇಳಿಕೊಳ್ಳಿ. ಮಹಾರಾಷ್ಟ್ರದ ಒಬ್ಬ ಕೈದಿಗೆ ತೀರ್ಪಿನ ನಕಲು ಕೈಸೇರದೆಯೇ ಅಪೀಲು ನಾಲ್ಕು ವರ್ಷಕ್ಕೂ ಮೇಲ್ಪಟ್ಟು ತಡವಾಗಿತ್ತು. ಆ ಕೇಸಿನಲ್ಲೇ, 1978ರಲ್ಲಿ, ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಕಟ್ಟುನಿಟ್ಟಾಗಿ ಹೇಳಿದರು: ಜೈಲಿಗೆ ಹೋಗುವವನ ಕೈಗೆ ತೀರ್ಪಿನ ನಕಲು ಬಿಟ್ಟಿಯಾಗಿ, ತಡವಿಲ್ಲದೆ ಸೇರಬೇಕು, ವಕೀಲರನ್ನಿಡಲು ಶಕ್ತಿಯಿಲ್ಲದವನಿಗೆ ಸರ್ಕಾರವೇ ಕೊಡಬೇಕು.

ಹಣವಿಲ್ಲವೇ? ಇವತ್ತಿನ ಮುಲಾಕತ್ತಿನಲ್ಲೇ ನಿಮ್ಮವರಿಗೆ ಹೇಳಿ: ಒಳಗಿನಿಂದಲೇ ಅರ್ಜಿ ಬರೆದು, ಸಹಿಯೋ ಹೆಬ್ಬೆಟ್ಟೋ ಹಾಕಿ, ತೀರ್ಪಿನ ನಕಲಿನೊಂದಿಗೆ ಜೈಲು ಅಧೀಕ್ಷಕರ ಕೈಗೆ ಕೊಡಲಿ. ಅದನ್ನು ಕೋರ್ಟಿಗೆ ಕಳಿಸುವುದು ಅವರ ಕರ್ತವ್ಯ. ನಾಗರಿಕ ಸುರಕ್ಷಾ ಸಂಹಿತೆಯ 424ನೇ ಕಲಮು ನೋಡಿ. ಬಂಧನದಲ್ಲಿರುವ ಯಾರಿಗೇ ಆಗಲಿ, ಆದಾಯ ಎಷ್ಟೇ ಇರಲಿ, ವಕೀಲರು ಉಚಿತ. ಜಿಲ್ಲಾ ಕೋರ್ಟಿನ ಆವರಣದಲ್ಲಿರುವ ಕಾನೂನು ಸೇವಾ ಪ್ರಾಧಿಕಾರಕ್ಕೆ ನೀವೇ ಹೋಗಿ.

ಅಪೀಲಿನ ಜೊತೆಗೇ ಶಿಕ್ಷೆ ಅಮಾನತಿಗೂ ಜಾಮೀನಿಗೂ ಅರ್ಜಿ ಹಾಕಿಸಲು ಮರೆಯಬೇಡಿ. ಅಪೀಲು ವರ್ಷಗಟ್ಟಲೆ ಎಳೆದೀತು. ಗೆದ್ದ ದಿನಕ್ಕೆ ಶಿಕ್ಷೆಯೇ ಮುಗಿದಿದ್ದರೆ ಗೆದ್ದು ಏನು ಬಂತು?

“ಒಳಗೆ ನಮಗೆ ಗೊತ್ತಿರೋರಿದ್ದಾರೆ, ಇಷ್ಟು ಕೊಡಿ, ಬಿಡಿಸ್ತೀವಿ” ಎಂದು ಗೇಟಿನ ಬಳಿ ಸುಳಿಯುವವರಿಗೆ ನಯಾಪೈಸೆ ಕೊಡಬೇಡಿ. ಉಚಿತ ಸಹಾಯವಾಣಿ 15100. ಈಗಲೇ ಫೋನು ಮಾಡಿ, ಪಕ್ಕದಲ್ಲಿ ನಿಂತವರಿಗೂ ನಂಬರು ಬರೆದುಕೊಡಿ.