ನಗುವ ಹುಡುಗನ ಆತಂಕ

ನೂರು ಮೀಟರ್ ಓಟಕ್ಕೆ ನಿಂತ ಉಸೇನ್ ಬೋಲ್ಟ್ ಕ್ಯಾಮೆರಾ ಮುಂದೆ ಮಾಡುತ್ತಿದ್ದ ಚೇಷ್ಟೆಗಳನ್ನು ಕಂಡವರಿಗೆ, ನಗು ಬಂದಲ್ಲಿ ಭಯವಿಲ್ಲ ಎನ್ನಿಸಬಹುದು. ಅಷ್ಟು ಸರಳವಲ್ಲ.

ಕೆನಡಾದ ಮನೋವಿಜ್ಞಾನಿ ರಾಡ್ ಮಾರ್ಟಿನ್ ಮತ್ತು ಸಂಗಡಿಗರು 2003ರಲ್ಲಿ ಹಾಸ್ಯವನ್ನು ನಾಲ್ಕು ಬಗೆಯಾಗಿ ವಿಂಗಡಿಸಿದರು: ಜೊತೆಗಾರರನ್ನು ಬೆಸೆಯುವುದು, ಕಷ್ಟದಲ್ಲಿ ತನಗೆ ತಾನೇ ಧೈರ್ಯ ತಂದುಕೊಳ್ಳುವುದು, ಇತರರನ್ನು ಚುಚ್ಚುವುದು, ತನ್ನನ್ನೇ ಹೀಗಳೆದುಕೊಳ್ಳುವುದು. ಮೊದಲೆರಡು ಬಗೆ ಹೆಚ್ಚಿದ್ದವರಲ್ಲಿ ಆತಂಕ ಕಡಿಮೆ. ತನ್ನನ್ನೇ ಹೀಗಳೆಯುವವರಲ್ಲಿ ಹೆಚ್ಚು.

ನಮ್ಮ ಕ್ರೀಡಾ ವಸತಿ ನಿಲಯಗಳಲ್ಲಿ, ದೈಹಿಕ ಶಿಕ್ಷಣ ಕಾಲೇಜುಗಳಲ್ಲಿ ಗಮನಿಸಬೇಕಾದ್ದು ಈ ಕೊನೆಯ ಬಗೆಯನ್ನೇ. ಆಯ್ಕೆ ಪಂದ್ಯದಲ್ಲಿ ಎಡವಿದ ಹುಡುಗ ‘ನನ್ನದು ಇಷ್ಟೇ ಬಿಡ್ರೋ’ ಎಂದು ರೂಮಿನವರನ್ನೆಲ್ಲ ನಗಿಸುತ್ತಾನೆ. ಗಟ್ಟಿ ಹುಡುಗ ಎಂದು ತರಬೇತುದಾರರು ಸುಮ್ಮನಾಗುತ್ತಾರೆ. ನಿದ್ದೆಗೆಟ್ಟದ್ದು, ಊಟ ಬಿಟ್ಟದ್ದು ಯಾರ ಕಣ್ಣಿಗೂ ಬೀಳುವುದಿಲ್ಲ. ಹುರುಪು ತುಂಬಲೆಂದು ‘ಆಮೆ’, ‘ಗೂಳಿ’ ಎಂದು ಅಡ್ಡಹೆಸರಿಡುವ ಕೋಚ್‌ಗಳೂ ಇದ್ದಾರೆ; ಅದು ತಮಾಷೆಯಲ್ಲ, ಚುಚ್ಚು.

2021ರಲ್ಲಿ ಟೋಕಿಯೊ ಒಲಿಂಪಿಕ್ಸ್‌ನ ನಡುವೆಯೇ ಅಮೆರಿಕದ ಜಿಮ್ನಾಸ್ಟ್ ಸಿಮೋನ್ ಬೈಲ್ಸ್ ಮನಸ್ಸಿನ ಆರೋಗ್ಯಕ್ಕಾಗಿ ಎಂದು ಹೇಳಿಯೇ ಹಿಂದೆ ಸರಿದರು. ಅಂಥ ಮಾತನ್ನು ಆಡುವ ಧೈರ್ಯ ಹದಿನಾರರ ಹುಡುಗ ಹುಡುಗಿಯರಿಗೆ ಸುಲಭಕ್ಕೆ ಬಾರದು. ಫಿಸಿಯೋಥೆರಪಿಸ್ಟ್ ಭೇಟಿಯಂತೆಯೇ ಆಪ್ತಸಮಾಲೋಚಕರ ಭೇಟಿಯನ್ನೂ ಕ್ರೀಡಾ ಇಲಾಖೆ ವಸತಿ ನಿಲಯಗಳ ವೇಳಾಪಟ್ಟಿಗೆ ಸೇರಿಸಲಿ.